ಚಿಕ್ಕ ಕೈಗೆ ತಕ್ಕಂತೆ ಬೈಕಿನ ಲಿವರ್, ಗ್ರಿಪ್ ಹೊಂದಿಸಿಕೊಳ್ಳುವುದು ಹೇಗೆ?

ಕ್ಲಚ್ ಬಿಡುವಾಗ ಬೈಕ್ ಜರ್ಕ್ ಹೊಡೆಯುತ್ತದೆ. ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಅರ್ಧ ಗಂಟೆ ಓಡಿಸಿದರೆ ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತದೆ. ಹೀಗೆ ಹೇಳಿಕೊಂಡರೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನೂ ಪ್ರಾಕ್ಟೀಸ್ ಮಾಡಿ. ಪ್ರಾಕ್ಟೀಸ್ ಬೇಕು, ಸರಿ. ಆದರೆ ಬೆರಳ ತುದಿ ಮಾತ್ರ ತಾಗುವಷ್ಟು ದೂರದಲ್ಲಿ ಲಿವರ್ ಇದ್ದರೆ ಎಷ್ಟು ಪ್ರಾಕ್ಟೀಸ್ ಮಾಡಿದರೂ ಅಷ್ಟೇ. ಬಹಳ ಜನ ತಮಗೆ ಕ್ಲಚ್ ಹಿಡಿತವೇ ಬರುವುದಿಲ್ಲ ಅಂದುಕೊಂಡಿರುತ್ತಾರೆ. ಬರದೇ ಇರುವುದು ಹಿಡಿತ ಅಲ್ಲ, ಲಿವರ್ ಅವರ ಕೈಗೆ ಹೊಂದಿಲ್ಲ ಅಷ್ಟೇ.

ಒಳ್ಳೆಯ ಸುದ್ದಿ ಏನೆಂದರೆ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಖರ್ಚಿಲ್ಲದೆ ಆಗುತ್ತದೆ. ಒಂದು ಅಲೆನ್ ಕೀ ಸೆಟ್, ಒಂದೆರಡು ಸ್ಪ್ಯಾನರ್, ಒಂದು ಸ್ಕೇಲ್ ಮತ್ತು ಬೈಕ್ ಜೊತೆ ಬಂದ ಮ್ಯಾನ್ಯುಯಲ್ ಇದ್ದರೆ ಸಾಕು. ಹೊಸ ಲಿವರ್ ಕೊಳ್ಳುವ ಮಾತು ಆಮೇಲೆ.

ಮೊದಲು ತೊಂದರೆ ಯಾವುದು ಅಂತ ನೋಡಿ

ಚಿಕ್ಕ ಕೈಯವರಿಗೆ ಎರಡು ತೊಂದರೆ ಇರುತ್ತವೆ. ಒಂದು, ಲಿವರ್ ಎಟುಕುವುದಿಲ್ಲ. ಇನ್ನೊಂದು, ಎಟುಕಿದರೂ ಒತ್ತಲು ಬಲ ಸಾಲದು. ಎರಡೂ ಒಟ್ಟಿಗೆ ಇರಬಹುದು, ಆದರೆ ಎರಡಕ್ಕೂ ಮದ್ದು ಒಂದೇ ಅಲ್ಲ. ಕೆಲವು ಸಲ ಒಂದಕ್ಕೆ ಮಾಡಿದ ಉಪಾಯ ಇನ್ನೊಂದನ್ನು ಹೆಚ್ಚಿಸುತ್ತದೆ.

ಪರೀಕ್ಷೆ ಸುಲಭ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ದಿನಾ ಹಾಕುವ ಗ್ಲೋವ್ಸ್ ಹಾಕಿಕೊಂಡೇ ಕೂತುಕೊಳ್ಳಿ. ಓಡಿಸುವಾಗ ಹೇಗೆ ಹಿಡಿಯುತ್ತೀರೋ ಹಾಗೇ ಗ್ರಿಪ್ ಹಿಡಿಯಿರಿ. ಅಂಗೈ ಗ್ರಿಪ್‌ನಿಂದ ಏಳಬಾರದು, ಹೆಬ್ಬೆರಳು ಸುತ್ತಿಕೊಂಡೇ ಇರಬೇಕು. ಈಗ ತೋರುಬೆರಳು, ನಡುಬೆರಳು ಎರಡನ್ನೂ ಚಾಚಿ ಲಿವರ್ ಮೇಲೆ ಇಡಿ. ತುದಿಯಿಂದ ಮೊದಲ ಗೆಣ್ಣು ಲಿವರ್ ಮೇಲೆ ಕೊಕ್ಕೆಯಾಗಿ ಕೂತರೆ ದೂರ ಸರಿಯಾಗಿದೆ. ಉಗುರಿನ ಭಾಗ ಮಾತ್ರ ತಾಗಿದರೆ, ಇಲ್ಲವೇ ಎಟುಕಿಸಲು ಕೈಯನ್ನು ಗ್ರಿಪ್ ಸುತ್ತ ತಿರುಗಿಸಬೇಕಾದರೆ, ಲಿವರ್ ದೂರ ಇದೆ. ಬಲಗೈಯಲ್ಲಿ ಇದು ಇನ್ನೂ ಕೆಟ್ಟದ್ದು. ಬ್ರೇಕ್ ಹಿಡಿಯಲು ಕೈ ತಿರುಗಿಸಿದರೆ ಆಕ್ಸಿಲರೇಟರ್ ಕೂಡ ಜೊತೆಗೆ ತಿರುಗುತ್ತದಲ್ವಾ?

ಗ್ರಿಪ್‌ನ ಮುಂಭಾಗದಿಂದ ಲಿವರ್‌ನ ಒಳಬದಿಗೆ ಎಷ್ಟು ಮಿಲಿಮೀಟರ್ ಇದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಎರಡೂ ಕಡೆ ಅಳೆಯಿರಿ. ಆಮೇಲೆ ಮಾಡಿದ ಬದಲಾವಣೆ ನಿಜಕ್ಕೂ ಕೆಲಸಕ್ಕೆ ಬಂತಾ ಅನ್ನುವುದು ಈ ಅಂಕಿಯಿಂದಲೇ ಗೊತ್ತಾಗುವುದು. ಇಲ್ಲಿ 5 ಮಿಲಿಮೀಟರ್ ಕೂಡ ದೊಡ್ಡ ವ್ಯತ್ಯಾಸ.

ಬಲದ ವಿಷಯಕ್ಕೆ ಒಂದು ಮಾತು. ಕೈಯ ಹಿಡಿತದ ಬಲ ಅಳೆಯಲು ಜಮಾರ್ ಡೈನಮೋಮೀಟರ್ ಅನ್ನುವ ಸಾಧನ ಬಳಸುತ್ತಾರೆ. ಅದರ ಹಿಡಿಯನ್ನು 5 ಹಂತಗಳಲ್ಲಿ ಅಗಲ ಮಾಡಬಹುದು. ಹೆಚ್ಚಿನವರ ಬಲ ಜಾಸ್ತಿ ಕಾಣುವುದು ಎರಡನೇ ಹಂತದಲ್ಲಿ, ಅಂದರೆ ಹಿಡಿಯ ಅಗಲ ಸುಮಾರು 5 ಸೆಂಟಿಮೀಟರ್ ಇರುವಾಗ. ಬೆರಳು ಪೂರ್ತಿ ಚಾಚಿದಾಗ ಬಲ ಕಡಿಮೆ, ಮುಷ್ಟಿ ಪೂರ್ತಿ ಬಿಗಿದ ಮೇಲೂ ಕಡಿಮೆ. ಹಾಗಾಗಿ ಲಿವರ್ ಎಷ್ಟು ಹತ್ತಿರ ಬಂತು ಅನ್ನುವುದಷ್ಟೇ ಮುಖ್ಯ ಅಲ್ಲ. ಬ್ರೇಕ್ ಕಚ್ಚುವ ಜಾಗ, ಕ್ಲಚ್ ಹಿಡಿಯುವ ಜಾಗ (ಅಂದರೆ ಲಿವರ್ ಸರಿಯುವ ದಾರಿಯಲ್ಲಿ ಬ್ರೇಕ್, ಕ್ಲಚ್ ನಿಜವಾಗಿ ಕೆಲಸ ಶುರುಮಾಡುವ ಜಾಗ) ನಿಮ್ಮ ಮುಷ್ಟಿಗೆ ಬಲ ಇರುವ ಕಡೆ ಬೀಳಬೇಕು. ಮುಂದೆ ಮಾಡುವ ಎಲ್ಲ ಕೆಲಸದ ಗುರಿಯೂ ಇದೇ.

ಲಿವರ್ ಕೋನ: ಎಲ್ಲಕ್ಕಿಂತ ಮೊದಲು ಇದು

ಈಗಲೇ ಒಂದು ಪ್ರಯೋಗ ಮಾಡಿ ನೋಡಿ. ಮಣಿಕಟ್ಟನ್ನು ಆದಷ್ಟು ಹಿಂದಕ್ಕೆ ಬಗ್ಗಿಸಿ, ಬೆರಳುಗಳನ್ನು ಪೂರ್ತಿ ನೇರ ಮಾಡಲು ನೋಡಿ. ಬಿಗಿಯುತ್ತದೆ, ಅಲ್ವಾ? ಈಗ ಮಣಿಕಟ್ಟನ್ನು ಒಳಕ್ಕೆ ಮಡಚಿ ಮುಷ್ಟಿ ಬಿಗಿಯಿರಿ. ಬಲವೇ ಬರುವುದಿಲ್ಲ. ಬೆರಳು ಆಡಿಸುವ ಸ್ನಾಯುಗಳ ಎಳೆಗಳು ಮಣಿಕಟ್ಟನ್ನು ದಾಟಿ ಬರುವುದರಿಂದ ಹೀಗಾಗುತ್ತದೆ. ಲಿವರ್ ತುಂಬಾ ಮೇಲಿದ್ದರೆ ಮಣಿಕಟ್ಟು ಹಿಂದಕ್ಕೆ ಬಗ್ಗುತ್ತದೆ, ಇದ್ದಷ್ಟು ಬೆರಳೂ ಚಾಚಲು ಆಗುವುದಿಲ್ಲ. ತುಂಬಾ ಕೆಳಗಿದ್ದರೆ ಮಣಿಕಟ್ಟು ಒಳಕ್ಕೆ ಮಡಚುತ್ತದೆ, ಬಲ ಹೋಗುತ್ತದೆ.

ಆದ್ದರಿಂದ ಸವಾರಿ ಮಾಡುವ ಭಂಗಿಯಲ್ಲಿ ಕೂತು, ಮೊಣಕೈ ಸ್ವಲ್ಪ ಬಗ್ಗಿಸಿ, ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರುವಂತೆ ಕೈ ಚಾಚಿ. ಆ ಗೆರೆಯ ಮೇಲೆ ಲಿವರ್ ಸಿಗಬೇಕು. ಸಿಗದಿದ್ದರೆ ಲಿವರ್ ಹಿಡಿದಿರುವ ಕ್ಲ್ಯಾಂಪ್‌ನ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಹ್ಯಾಂಡಲ್ ಸುತ್ತ ತಿರುಗಿಸಿ, ಮತ್ತೆ ಬಿಗಿಮಾಡಿ. ಪೂರ್ತಿ ಬಿಚ್ಚುವ ಅಗತ್ಯ ಇಲ್ಲ.

ಬಿಗಿಮಾಡುವಾಗ ಒಂದು ಗಮನ. ಬ್ರೇಕ್ ಕಡೆಯ ಕ್ಲ್ಯಾಂಪ್ ಮೇಲೆ ಮೇಲ್ಮುಖದ ಗುರುತು ಇದ್ದರೆ ಅದು ಮೇಲಕ್ಕೇ ಇರಬೇಕು. ಮೊದಲು ಮೇಲಿನ ಬೋಲ್ಟ್ ಪೂರ್ತಿ ಬಿಗಿಮಾಡಿ, ಆಮೇಲೆ ಕೆಳಗಿನದು. ಸಂದು ಕೆಳಗಡೆ ಉಳಿಯುತ್ತದೆ, ಅದು ಹಾಗೇ ಇರಬೇಕಾದ್ದು. ಇವು ಚಿಕ್ಕ ಬೋಲ್ಟ್‌ಗಳು, ಬಹುತೇಕ ಬೈಕ್‌ಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಮ್ಯಾನ್ಯುಯಲ್‌ನಲ್ಲಿರುವ ಅಂಕಿಯೇ ಕೊನೆಯ ಮಾತು. ಬಲ ಇದೆ ಅಂತ ಜಗ್ಗಿದರೆ ಥ್ರೆಡ್ ಹೋಗುತ್ತದೆ.

ಬ್ರೇಕ್ ಆಯಿಲ್ ಡಬ್ಬಿ ಲಿವರ್ ಜೊತೆಗೇ ಅಂಟಿಕೊಂಡಿರುತ್ತದೆ, ಲಿವರ್ ತಿರುಗಿಸಿದರೆ ಅದೂ ವಾಲುತ್ತದೆ. ಹ್ಯಾಂಡಲ್ ನೇರ ಇದ್ದಾಗ ಆಯಿಲ್ ಮಟ್ಟ ಕಿಟಕಿಯಲ್ಲಿ ಸರಿಯಾಗಿ ಕಾಣಬೇಕು. ತುಂಬಾ ವಾಲಿಸಿದರೆ ಲೈನ್‌ಗೆ ಗಾಳಿ ಸೇರುವ ಅಪಾಯ ಇದೆ. ಕನ್ನಡಿಗಳೂ ಇದೇ ಕ್ಲ್ಯಾಂಪ್ ಮೇಲೆ ಕೂತಿದ್ದರೆ ಅವನ್ನೂ ಮತ್ತೆ ಹೊಂದಿಸಿಕೊಳ್ಳಿ.

ಗ್ರಿಪ್ ಮತ್ತು ಗ್ಲೋವ್ಸ್

ಕಂಪನಿ ಗ್ರಿಪ್ ಮೇಲೆ ಇನ್ನೊಂದು ಫೋಮ್ ಕವರ್ ಹಾಕಿದ್ದೀರಾ? ಮೊದಲು ಅದನ್ನು ತೆಗೆಯಿರಿ. ಮೆತ್ತಗಿರುತ್ತದೆ, ನಿಜ. ಆದರೆ ಬೆರಳಿನ ಉದ್ದವನ್ನೆಲ್ಲ ಅದೇ ತಿಂದುಬಿಡುತ್ತದೆ. ಲೆಕ್ಕ ಹಾಕಿ ನೋಡಿ: ಗ್ರಿಪ್ ದಪ್ಪ 34 ಮಿಲಿಮೀಟರ್‌ನಿಂದ 30ಕ್ಕೆ ಇಳಿದರೆ ಅದರ ಸುತ್ತಳತೆ 12 ಮಿಲಿಮೀಟರ್‌ಗಿಂತ ಜಾಸ್ತಿ ಕಮ್ಮಿಯಾಗುತ್ತದೆ. ಅಂಗೈ ಕೂಡ ಲಿವರ್ ಕಡೆಗೆ 2 ಮಿಲಿಮೀಟರ್ ಸರಿಯುತ್ತದೆ. ಲಿವರ್ ಮುಟ್ಟದೆಯೇ ಸಿಕ್ಕ ಲಾಭ ಇದು.

ಬಹುಪಾಲು ಬೈಕ್‌ಗಳ ಹ್ಯಾಂಡಲ್ ಪೈಪ್ ಗ್ರಿಪ್ ಕೂರುವ ಜಾಗದಲ್ಲಿ 22 ಮಿಲಿಮೀಟರ್ ದಪ್ಪ ಇರುತ್ತದೆ. ಕೆಲವು ಕ್ರೂಸರ್‌ಗಳಲ್ಲಿ ಮಾತ್ರ 25.4. ಅದಕ್ಕೆ ತಕ್ಕ ತೆಳು ಗ್ರಿಪ್ ಸಿಗುತ್ತದೆ. ತೆಳುವಾದಷ್ಟೂ ಕಂಪನ ಕೈಗೆ ಜಾಸ್ತಿ ಬರುತ್ತದೆ, ಇದು ಕೊಡಬೇಕಾದ ಬೆಲೆ. ದಿನಾ ಊರೊಳಗೆ ಓಡಾಡುವವರಿಗೆ ತೆಳು ಗ್ರಿಪ್ ಅಡ್ಡಿಯಿಲ್ಲ. ದಿನವಿಡೀ ಹೈವೇಯಲ್ಲಿ ಇರುವವರು ಸ್ವಲ್ಪ ಯೋಚಿಸಬೇಕು.

ಗ್ರಿಪ್ ಬದಲಾಯಿಸುವಾಗ ಆಯಿಲ್, ಗ್ರೀಸ್ ಬೇಡವೇ ಬೇಡ. ಗ್ರಿಪ್‌ಗೆಂದೇ ಇರುವ ಅಂಟು ಹಾಕಿ, ಅದು ಒಣಗುವ ತನಕ ಬೈಕ್ ಮುಟ್ಟಬೇಡಿ. ಓಡುವಾಗ ಕೈಗೇ ಕಳಚಿ ಬರುವ ಗ್ರಿಪ್‌ಗಿಂತ ದಪ್ಪ ಗ್ರಿಪ್ ಸಾವಿರ ಪಾಲು ವಾಸಿ. ಆಕ್ಸಿಲರೇಟರ್ ಕಡೆಯ ಗ್ರಿಪ್ ಎರಡೂ ತುದಿಯಲ್ಲಿ ಯಾವುದಕ್ಕೂ ಒರೆಸಬಾರದು, ಒಂದೆರಡು ಮಿಲಿಮೀಟರ್ ಸಂದು ಬಿಡಿ. ತಿರುಗಿಸಿ ಕೈಬಿಟ್ಟರೆ ಟಕ್ ಅಂತ ತಾನೇ ವಾಪಸ್ ಬರಬೇಕು.

ಗ್ಲೋವ್ಸ್ ವಿಷಯದಲ್ಲಿ ಅಂಗೈ ಅಳತೆ ನೋಡಿ ಕೊಂಡು ಬೆರಳ ಉದ್ದ ಮರೆಯುವವರೇ ಜಾಸ್ತಿ. ಬೆರಳ ತುದಿಯಲ್ಲಿ ಖಾಲಿ ಬಟ್ಟೆ ನೇತಾಡುತ್ತಿದ್ದರೆ ಅದು ಲಿವರ್‌ಗೂ ಗ್ರಿಪ್‌ಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲೇ ಬಾಗಿದ ಆಕಾರದಲ್ಲಿ ಹೊಲಿದ ಗ್ಲೋವ್ಸ್ ಆರಿಸಿ. ನೇರವಾಗಿ ಹೊಲಿದದ್ದನ್ನು ಪ್ರತಿ ಸಲ ಮಡಚಲೂ ಬಲ ಬೇಕಾಗುತ್ತದೆ.

ಕ್ಲಚ್ ಲಿವರ್

ಕೇಬಲ್ ಕ್ಲಚ್ ಇದ್ದರೆ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರ ಇದೆ: ಫ್ರೀ ಪ್ಲೇ. ಲಿವರ್ ಎಳೆಯುವಾಗ ಮೊದಲು ಸ್ವಲ್ಪ ದೂರ ಸುಮ್ನೆ ಸಡಿಲವಾಗಿ ಬರುತ್ತದಲ್ಲ, ಅದು. ಕ್ಲಚ್ ಹಿಡಿಯುವ ಜಾಗ ಲಿವರ್ ಪೂರ್ತಿ ಹೊರಗಿರುವಾಗ ಬಂದರೆ ಚಿಕ್ಕ ಕೈಯವರಿಗೆ ಕಷ್ಟ. ಅತಿ ನಾಜೂಕಾಗಿ ಬಿಡಬೇಕಾದ ಆ ಕ್ಷಣದಲ್ಲೇ ಲಿವರ್ ಬೆರಳ ತುದಿಯಿಂದ ಜಾರುತ್ತಿರುತ್ತದೆ. ಜರ್ಕ್ ಬರುವುದು ಅಲ್ಲಿಂದಲೇ. ಫ್ರೀ ಪ್ಲೇ ಸ್ವಲ್ಪ ಹೆಚ್ಚಿಸಿದರೆ ಆ ಜಾಗ ಗ್ರಿಪ್ ಕಡೆಗೆ ಸರಿಯುತ್ತದೆ. ಬೆರಳು ಚಾಚಿರುವಾಗ ಬರೀ ಸಡಿಲು ಎಳೆದರೆ ಸಾಕು. ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಬೆರಳು ಕೊಕ್ಕೆಯಾಗಿ ಕೂತಿರುತ್ತದೆ.

ಮಾಡುವ ಬಗೆ ಹೀಗೆ. ಲಿವರ್ ಬುಡದಲ್ಲಿ, ಕೇಬಲ್ ಒಳಗೆ ಹೋಗುವ ಜಾಗದಲ್ಲಿ ಒಂದು ಅಡ್ಜಸ್ಟರ್ ಇರುತ್ತದೆ, ಜೊತೆಗೊಂದು ಲಾಕ್ ರಿಂಗ್. ರಬ್ಬರ್ ಟೋಪಿ ಇದ್ದರೆ ಹಿಂದಕ್ಕೆ ಸರಿಸಿ. ಲಾಕ್ ರಿಂಗ್ ಸಡಿಲಿಸಿ ಅಡ್ಜಸ್ಟರ್ ಅನ್ನು ಲಿವರ್ ಒಳಕ್ಕೆ ತಿರುಗಿಸಿದರೆ ಸಡಿಲು ಜಾಸ್ತಿ, ಹೊರಕ್ಕೆ ತಿರುಗಿಸಿದರೆ ಕಮ್ಮಿ. ಅರ್ಧ ಸುತ್ತು ತಿರುಗಿಸಿ, ಲಿವರ್ ಎಳೆದು ನೋಡಿ, ಮತ್ತೆ ಅರ್ಧ ಸುತ್ತು. ಅಲ್ಲಿ ಜಾಗ ಮುಗಿದರೆ ಎಂಜಿನ್ ಕಡೆಯ ತುದಿಯಲ್ಲಿ ಇನ್ನೊಂದು ಅಡ್ಜಸ್ಟರ್ ಇರುತ್ತದೆ. ಕೊನೆಗೆ ಲಾಕ್ ರಿಂಗ್ ಬಿಗಿಮಾಡುವುದನ್ನು ಮರೆಯಬೇಡಿ. ಬಹಳಷ್ಟು ಮ್ಯಾನ್ಯುಯಲ್‌ಗಳು ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಒಳಗಿನ ಫ್ರೀ ಪ್ಲೇ ಹೇಳುತ್ತವೆ. ನಿಮ್ಮ ಬೈಕಿಗೆ ಹೇಳಿದ ಮಿತಿಯೊಳಗೇ ದೊಡ್ಡ ಅಂಕಿಯ ಕಡೆಗೆ ಹೋಗಿ.

ಮಿತಿ ಯಾಕೆ? ಸಡಿಲು ಅತಿಯಾದರೆ ಲಿವರ್ ಪೂರ್ತಿ ಎಳೆದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರ್ ಕಟಕಟ ಅನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಎಳೆದು ಹಿಡಿಯಿರಿ. ಬೈಕ್ ತಾನಾಗಿ ತೆವಳಿದರೆ ಸಡಿಲು ಜಾಸ್ತಿಯಾಗಿದೆ. ಇನ್ನೊಂದು ಕಡೆ, ಸಡಿಲೇ ಇಲ್ಲದ ಹಾಗೆ ಬಿಗಿಮಾಡಿದರೆ ಕ್ಲಚ್ ಸ್ಲಿಪ್ ಆಗಿ ಪ್ಲೇಟ್ ಸುಟ್ಟುಹೋಗುತ್ತದೆ. ಎರಡನೆಯದು ದುಬಾರಿ.

ಈಗ ಬಲದ ಮಾತು. ಕ್ಲಚ್ ಗಟ್ಟಿ ಅನ್ನಿಸಿದರೆ ಲಿವರ್ ಬದಲಿಸುವ ಮೊದಲು ಕೇಬಲ್ ನೋಡಿ. ಎರಡೂ ತುದಿ ಬಿಚ್ಚಿ ಒಳಗಿನ ತಂತಿಯನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ. ನುಣ್ಣಗೆ ಜಾರಬೇಕು. ಕರಕರ ಅಂದರೆ, ಎಲ್ಲಾದರೂ ತಡೆದರೆ, ಲಿವರ್ ಹತ್ತಿರ ಎಳೆಗಳು ಬಿಟ್ಟುಕೊಂಡಿದ್ದರೆ ಹೊಸದು ಹಾಕಿಸಿ. ಚೆನ್ನಾಗಿದ್ದರೆ ಕೇಬಲ್ ಆಯಿಲ್ ಬಿಡಿ. ಒಳಗೆ ಟೆಫ್ಲಾನ್ ಪದರ ಇರುವ ಕೇಬಲ್‌ಗೆ ಆಯಿಲ್ ಬೇಡ ಅಂತ ತಯಾರಕರು ಹೇಳಿದ್ದರೆ ಅವರ ಮಾತು ಕೇಳಿ. ಲಿವರ್ ತಿರುಗುವ ಬೋಲ್ಟ್‌ಗೆ ಒಂದು ಚೂರು ಗ್ರೀಸ್ ಹಚ್ಚಿ. ಕೇಬಲ್ ಚೂಪಾಗಿ ತಿರುಗಿ ಹೋಗಿದ್ದರೆ ದಾರಿ ಸರಿಮಾಡಿ. ಇಷ್ಟಕ್ಕೇ ಹಳೆ ಬೈಕಿನ ಕ್ಲಚ್ ಎಷ್ಟು ಹಗುರಾಗುತ್ತದೆ ಅಂದರೆ, ಬೇರೆ ಬೈಕ್ ಹತ್ತಿದ ಹಾಗೆ ಅನ್ನಿಸುತ್ತದೆ.

ಎಂಜಿನ್ ಕಡೆ ಕೇಬಲ್ ಎಳೆಯುವ ಕೈಯನ್ನು ಉದ್ದ ಮಾಡುವ ಕಿಟ್‌ಗಳು ಕೆಲವು ಬೈಕ್‌ಗಳಿಗೆ ಸಿಗುತ್ತವೆ. ಒತ್ತುವ ಬಲ ಕಮ್ಮಿಯಾಗುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಕ್ಲಚ್ ತೆರೆಯುವ ದೂರವೂ ಕಮ್ಮಿಯಾಗುತ್ತದೆ. ಮೇಲೆ ಹೇಳಿದ ತೆವಳುವ ಪರೀಕ್ಷೆ ಮತ್ತೆ ಮಾಡಲೇಬೇಕು. ಕ್ಲಚ್ ಸ್ಪ್ರಿಂಗ್ ಮೆತ್ತಗಿನದು ಹಾಕಿಸಿ ಅನ್ನುವವರ ಮಾತು ಕೇಳಬೇಡಿ. ಸ್ಲಿಪ್ ಆಗುತ್ತದೆ.

ಮುಂದಿನ ಬ್ರೇಕ್: ಇಲ್ಲಿ ಜುಗಾಡ್ ಬೇಡ

ಕ್ಲಚ್‌ನಲ್ಲಿ ಎಡವಟ್ಟಾದರೆ ಬೈಕ್ ಆಫ್ ಆಗುತ್ತದೆ. ಬ್ರೇಕ್‌ನಲ್ಲಿ ಎಡವಟ್ಟಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಲಿವರ್ ಮೇಲೆ 1, 2, 3 ಅಂತ ಅಂಕಿ ಇರುವ ಡಯಲ್ ಇದೆಯಾ ನೋಡಿ. ಇದ್ದರೆ ಬೈಕ್ ನಿಂತಿರುವಾಗ ಲಿವರ್ ಅನ್ನು ಮುಂದಕ್ಕೆ ತಳ್ಳಿ ಹಿಡಿದು ಡಯಲ್ ತಿರುಗಿಸಿ. ಯಾವ ಅಂಕಿ ಹತ್ತಿರ, ಯಾವುದು ದೂರ ಅನ್ನುವುದು ಬೈಕಿನಿಂದ ಬೈಕಿಗೆ ಬೇರೆ, ತಿರುಗಿಸಿಯೇ ನೋಡಬೇಕು. ಅಂಕಿ ಗುರುತಿನ ಎದುರಿಗೆ ಸರಿಯಾಗಿ ಕೂರಬೇಕು, ಎರಡು ಅಂಕಿಯ ನಡುವೆ ನಿಲ್ಲಿಸಬಾರದು. ಕೆಲವು ಲಿವರ್‌ಗಳಲ್ಲಿ ಡಯಲ್ ಬದಲು ಚಿಕ್ಕ ಸ್ಕ್ರೂ ಇರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಓಡಿಸಿದರೂ ಇದನ್ನು ಗಮನಿಸಿರುವುದಿಲ್ಲ.

ಡಯಲ್ ಇಲ್ಲದಿದ್ದರೆ ಕೆಲವರು ಒಂದು ಉಪಾಯ ಮಾಡುತ್ತಾರೆ. ಲಿವರ್ ಬುಡದಲ್ಲಿ ಏನಾದರೂ ತುರುಕಿ ಅದನ್ನು ಹತ್ತಿರಕ್ಕೆ ತಂದು ನಿಲ್ಲಿಸುತ್ತಾರೆ. ಕೇಬಲ್ ಕ್ಲಚ್ ಕಡೆ ಇದು ನಡೆದೀತು. ಡಿಸ್ಕ್ ಬ್ರೇಕ್ ಕಡೆ ಖಂಡಿತ ಬೇಡ. ಕಾರಣ ಇದು: ಲಿವರ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಪಿಸ್ಟನ್ ಮುಂದೆ ಹೋಗುತ್ತದೆ. ಬಿಟ್ಟಾಗ ಅದು ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಆಯಿಲ್ ಡಬ್ಬಿಗೆ ಹೋಗುವ ಒಂದು ಸಣ್ಣ ತೂತು ತೆರೆಯುತ್ತದೆ. ಬ್ರೇಕ್ ಬಿಸಿಯಾದಾಗ ಹಿಗ್ಗುವ ಆಯಿಲ್ ಆ ತೂತಿನ ಮೂಲಕ ಡಬ್ಬಿಗೆ ವಾಪಸ್ ಹೋಗುತ್ತದೆ. ಲಿವರ್ ಪಿಸ್ಟನ್ ಅನ್ನು ಕೂದಲೆಳೆಯಷ್ಟು ಒತ್ತಿಕೊಂಡೇ ಕೂತರೂ ತೂತು ಮುಚ್ಚಿರುತ್ತದೆ. ಆಯಿಲ್‌ಗೆ ಹೋಗಲು ದಾರಿ ಇಲ್ಲ. ಪ್ಯಾಡ್ ತಾನಾಗಿ ಡಿಸ್ಕ್ ಹಿಡಿಯುತ್ತದೆ, ಇನ್ನೂ ಬಿಸಿಯಾಗುತ್ತದೆ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೊನೆಗೆ ಓಡುತ್ತಿರುವಾಗಲೇ ಮುಂದಿನ ಚಕ್ರ ಲಾಕ್ ಆಗಬಹುದು. ಬೇರೆ ಬೈಕಿನ ಲಿವರ್, ಅಳತೆ ಸರಿಯಿಲ್ಲದ ನಕಲಿ ಲಿವರ್ ಹಾಕಿದರೂ ಇದೇ ಅಪಾಯ.

ಲಿವರ್ ಅನ್ನು ಸುತ್ತಿಗೆಯಿಂದ ಬಡಿದೋ ಬಿಸಿಮಾಡಿಯೋ ಬಗ್ಗಿಸುವುದೂ ಬೇಡ. ಅದು ಅಲ್ಯೂಮಿನಿಯಂ. ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಜೋರಾಗಿ ಬ್ರೇಕ್ ಹಿಡಿದ ದಿನವೇ ಮುರಿಯುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಬೈಕಿನ ಮಾಡೆಲ್, ವರ್ಷಕ್ಕೆ ಸರಿಯಾಗಿ ಹೊಂದುವ ಅಡ್ಜಸ್ಟೆಬಲ್ ಲಿವರ್ ಕೊಳ್ಳಿ. ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಿ. ಹಾಕಿದ ಮೇಲೆ ಲಿವರ್ ಹೊರಗಿರುವಾಗ ಪಿಸ್ಟನ್ ಒತ್ತುವ ಮೊದಲು ಒಂದು ಚೂರು ಸಡಿಲು ಬೆರಳಿಗೆ ತಿಳಿಯಬೇಕು.

ಅಂಗಡಿಯಲ್ಲಿ ಗಿಡ್ಡ ಲಿವರ್ ತೋರಿಸಿ, ಚಿಕ್ಕ ಕೈಗೆ ಇದೇ ಸರಿ ಅನ್ನುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಗಿಡ್ಡ ಲಿವರ್ ಮಾಡಿರುವುದು ಎರಡು ಬೆರಳಲ್ಲಿ ಬ್ರೇಕ್ ಹಿಡಿಯುವವರಿಗೆ. ಅದರಲ್ಲಿ ಬೆರಳು ತಿರುಗುವ ಬೋಲ್ಟ್‌ಗೆ ಹತ್ತಿರ ಕೂರುತ್ತದೆ, ಆಗ ಅದೇ ಬ್ರೇಕ್‌ಗೆ ಜಾಸ್ತಿ ಬಲ ಬೇಕಾಗುತ್ತದೆ. ಉದ್ದ ಕಮ್ಮಿಯಾಯಿತು ಅಂತ ದೂರವೇನೂ ಕಮ್ಮಿಯಾಗುವುದಿಲ್ಲ. ಎಟುಕದಿರುವುದು ನಿಮ್ಮ ತೊಂದರೆಯಾದರೆ ಪೂರ್ತಿ ಉದ್ದದ ಅಡ್ಜಸ್ಟೆಬಲ್ ಲಿವರ್ ತೆಗೆದುಕೊಳ್ಳಿ. ಬಲ ಸಾಲದೆ ಇರುವವರಿಗಂತೂ ಗಿಡ್ಡದ್ದು ಬೇಡವೇ ಬೇಡ.

ಬ್ರೇಕ್ ಲಿವರ್ ಹತ್ತಿರ ತಂದ ಮೇಲೆ ಪೂರ್ತಿ ಬಲ ಹಾಕಿ ಒತ್ತಿ ನೋಡಿ. ಲಿವರ್ ಗ್ರಿಪ್‌ಗೆ ತಾಗಬಾರದು. ಎರಡು ಬೆರಳಲ್ಲಿ ಹಿಡಿಯುವವರಾದರೆ ಗ್ರಿಪ್ ಮೇಲಿರುವ ಉಂಗುರಬೆರಳು, ಕಿರುಬೆರಳಿಗೂ ತಾಗಬಾರದು. ತಾಗಿದರೆ ನಿಮ್ಮ ಬೆರಳೇ ಬ್ರೇಕಿಗೆ ಅಡ್ಡ ನಿಂತಂತೆ. ಒಂದು ಅಂಕಿ ಹೊರಗೆ ಇಡಿ, ಇಲ್ಲವೇ ನಾಲ್ಕು ಬೆರಳಲ್ಲಿ ಹಿಡಿಯಿರಿ. ಲಿವರ್ ಸ್ಪಂಜಿನಂತೆ ಮೆತ್ತಗೆ ಒಳಗೆ ಹೋಗುತ್ತಿದ್ದರೆ ಲೈನ್‌ನಲ್ಲಿ ಗಾಳಿ ಇದೆ, ಮೊದಲು ಅದನ್ನು ತೆಗೆಸಿ. ಹತ್ತಿರದ ಸೆಟ್ಟಿಂಗ್‌ನಲ್ಲಿ ಓಡಿಸುವವರಿಗೆ ಉಳಿದ ದೂರ ಕಮ್ಮಿ. ಹಾಗಾಗಿ ಬ್ರೇಕ್ ಆಯಿಲ್ ಅನ್ನು 2 ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬೇಡಿ.

ಸ್ಕೂಟರ್‌ನ ಡ್ರಮ್ ಬ್ರೇಕ್‌ಗೆ ಚಕ್ರದ ಹತ್ತಿರ ಇರುವ ನಟ್‌ನಿಂದ ಸಡಿಲು ಹೊಂದಿಸಬಹುದು. ಕ್ಲಚ್ ತರಹವೇ ಇದು ಕಚ್ಚುವ ಜಾಗವನ್ನು ಸರಿಸುತ್ತದೆ. ಆದರೆ ಡ್ರಮ್ ಒಳಗಿನ ಬ್ರೇಕ್ ಶೂ ಸವೆದ ಹಾಗೆ ಸಡಿಲು ತಾನೇ ಜಾಸ್ತಿಯಾಗುತ್ತಾ ಹೋಗುತ್ತದೆ. ಅದಕ್ಕೇ ಮ್ಯಾನ್ಯುಯಲ್ ಹೇಳಿದ ಮಿತಿಯ ತುದಿಗೆ ಹೋಗಿ ಕೂರಬೇಡಿ.

ಆಕ್ಸಿಲರೇಟರ್, ಸ್ವಿಚ್, ಹ್ಯಾಂಡಲ್

ಆಕ್ಸಿಲರೇಟರ್ ಅನ್ನು ಅಂಗೈಗೆ ಅಡ್ಡಲಾಗಿ ಹಿಡಿಯದೆ ಸ್ವಲ್ಪ ಓರೆಯಾಗಿ, ಸ್ಕ್ರೂಡ್ರೈವರ್ ಹಿಡಿದ ಹಾಗೆ ಹಿಡಿದರೆ ತೋರುಬೆರಳು, ನಡುಬೆರಳು ಬ್ರೇಕಿಗೆ ಚೆನ್ನಾಗಿ ಎಟುಕುತ್ತವೆ. ಅಂಗೈಯಿಂದ ಒತ್ತಿ ಆಕ್ಸಿಲರೇಟರ್ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ದೊಡ್ಡ ಕೈಯವರಿಗೆ ಅದು ಆರಾಮ. ಚಿಕ್ಕ ಕೈಯವರು ಬ್ರೇಕ್‌ಗೆ ಚಾಚುವಾಗ ಅಂಗೈ ಅದರ ಮೇಲೇ ಒತ್ತುತ್ತದೆ, ವೇಗ ಏರುತ್ತದೆ. ಬಿಟ್ಟುಬಿಡಿ.

ಹಾರನ್, ಇಂಡಿಕೇಟರ್ ಹೆಬ್ಬೆರಳಿಗೆ ಎಟುಕದಿದ್ದರೆ ಸ್ವಿಚ್ ಡಬ್ಬಿಯ ಸ್ಕ್ರೂ ಸಡಿಲಿಸಿ ತಿರುಗಿಸಬಹುದು. ಎಷ್ಟೋ ಬೈಕ್‌ಗಳಲ್ಲಿ ಡಬ್ಬಿಯ ಒಳಗಿನ ಒಂದು ಗೂಟ ಹ್ಯಾಂಡಲ್‌ನ ತೂತಿನಲ್ಲಿ ಕೂತಿರುತ್ತದೆ. ಹಾಗಿದ್ದರೆ ಬಲವಂತ ಮಾಡಬೇಡಿ, ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಕೈ ಪೂರ್ತಿ ಚಾಚಿ ಹ್ಯಾಂಡಲ್ ಹಿಡಿಯುವವರಿಗೆ ಲಿವರ್ ಎಷ್ಟು ಹತ್ತಿರ ತಂದರೂ ಪ್ರಯೋಜನ ಇಲ್ಲ. ಹ್ಯಾಂಡಲ್ ಅನ್ನೇ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಅಥವಾ ಅದನ್ನು ಹಿಂದಕ್ಕೆ ತರುವ ರೈಸರ್ (ಹ್ಯಾಂಡಲ್ ಕೆಳಗೆ ಕೂರುವ ತುಂಡು) ಹಾಕಿಸಿ. ಆಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲ್ ಅನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಬ್ರೇಕ್ ಪೈಪ್ ಬಿಗಿಯಾಗುತ್ತಿದೆಯಾ ಅಂತಲೂ ನೋಡಿ.

ರಸ್ತೆಗಿಳಿಯುವ ಮುನ್ನ

ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದು ಬಿಟ್ಟು ಮತ್ತೆ ತಿರುಗಿಸಿ. ಪ್ಯಾಡ್ ಸಣ್ಣಗೆ ಒರೆಸುವ ಸದ್ದು ಇರಬಹುದು, ಚಕ್ರ ತಡೆಯಬಾರದು. ಬ್ರೇಕ್ ಲೈಟ್ ಲಿವರ್ ಒತ್ತಿದ ಕೂಡಲೇ ಬರಬೇಕು, ಬಿಟ್ಟ ಕೂಡಲೇ ಹೋಗಬೇಕು. ಕ್ಲಚ್ ಹಿಡಿದರೆ ಮಾತ್ರ ಸ್ಟಾರ್ಟ್ ಆಗುವ ಬೈಕಾದರೆ ಅದರ ಸ್ವಿಚ್ ಕೂಡ ಕೆಲಸ ಮಾಡುತ್ತಿದೆಯಾ ಪರೀಕ್ಷಿಸಿ. ಹೊಸ ಲಿವರ್ ಹಾಕಿದಾಗ ಕೈಕೊಡುವುದು ಸಾಮಾನ್ಯವಾಗಿ ಈ ಎರಡು ಸ್ವಿಚ್‌ಗಳೇ.

ಮೊದಲು ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ. ಹೊರಡುವುದು, ನಿಲ್ಲುವುದು, ಜೋರಾಗಿ ಬ್ರೇಕ್ ಹಿಡಿಯುವುದು ಮೂರನ್ನೂ ಮಾಡಿ. ಕಚ್ಚುವ ಜಾಗ ಬದಲಾಗಿದೆ, ಹಳೆಯ ಅಭ್ಯಾಸ ಹೋಗಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಸ್ವಲ್ಪ ದೂರ ಬ್ರೇಕ್ ಹೆಚ್ಚು ಮುಟ್ಟದೆ ಹೋಗಿ ಬನ್ನಿ. ಡಿಸ್ಕ್ ಮೇಲೆ ಒಂದು ಹನಿ ನೀರು ಹಾಕಿ. ಚುರ್ ಅಂದರೆ ಬ್ರೇಕ್ ಹಿಡಿದುಕೊಂಡೇ ಇದೆ, ಮುಂದೆ ಓಡಿಸಬೇಡಿ. ಕೈಯಿಂದ ಮುಟ್ಟಿ ನೋಡುವ ಸಾಹಸ ಬೇಡ.

ವಾರ ಕಳೆದ ಮೇಲೆ ಎಲ್ಲ ಕ್ಲ್ಯಾಂಪ್ ಬೋಲ್ಟ್, ಲಾಕ್ ರಿಂಗ್, ಲಿವರ್ ತಿರುಗುವ ಬೋಲ್ಟಿನ ನಟ್ ಮತ್ತೊಮ್ಮೆ ನೋಡಿ. ಹೊಸ ಕೇಬಲ್ ಹಾಕಿಸಿದ್ದರೆ ಅದು ಶುರುವಿನಲ್ಲಿ ಸ್ವಲ್ಪ ಹಿಗ್ಗುತ್ತದೆ, ಫ್ರೀ ಪ್ಲೇ ಮತ್ತೆ ಅಳೆಯಿರಿ. ದಪ್ಪ ಗ್ಲೋವ್ಸ್ ಹಾಕುವ ಕಾಲ ಬಂದಾಗ ಬ್ರೇಕ್ ಡಯಲ್ ಒಂದು ಅಂಕಿ ಬದಲಾಯಿಸಬೇಕಾಗಬಹುದು. ಯಾವ ಗ್ಲೋವ್ಸ್‌ಗೆ ಯಾವ ಅಂಕಿ ಅಂತ ಮೊದಲು ಬರೆದಿಟ್ಟ ಅಳತೆಯ ಪಕ್ಕದಲ್ಲೇ ಬರೆದುಕೊಳ್ಳಿ.